ಕಲ್ಲಿನ ಕೆಳಗೆ ಬೋರಲು ಮಲಗಿದವಳು

ನಮ್ಮೂರ ಮೂಡಲಿಗೆ ಹಾಳೂರು ಎಂದು ಕರೆಯುವ ಒಂದು ದಿಬ್ಬವಿತ್ತು. ಕುಂದಗೋಳದಿಂದ ಯರಗುಪ್ಪಿ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತು ನೋಡಿದರೆ ಸಪಾಟು ಕಪ್ಪು ಎರೆಮಣ್ಣಿನ ಹೊಲಗಳ ನಡುವೆ ಅದೊಂದೇ ಉಬ್ಬಿಕೊಂಡು ಕಾಣುತ್ತಿತ್ತು. ಎಂದೋ ಒಂದು ಕಾಲಕ್ಕೆ ಅಲ್ಲಿ ಊರಿತ್ತಂತೆ, ಜನ ಅದನ್ನು ಬಿಟ್ಟು ಈಗಿರುವ ಜಾಗಕ್ಕೆ ಬಂದರಂತೆ. ಯಾಕೆ ಬಿಟ್ಟರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ದಿಬ್ಬದ ಬೂದಿಮಣ್ಣು ಮೆಣಸಿನ ಗಿಡಕ್ಕೆ ಒಳ್ಳೆಯದೆಂದು ಬೇಸಿಗೆಯಲ್ಲಿ ಎತ್ತಿನ ಚಕ್ಕಡಿ ಹೂಡಿಕೊಂಡು ಹೋಗಿ ಅಗೆದು ತರುವುದು ಎಲ್ಲರ ರೂಢಿ. ಗಡಿಗೆಯ ಚೂರು, ಬಳೆಯ ಚೂರು, ಕಪ್ಪಾದ ಜೋಳದ ಕಾಳು ಸಿಗುತ್ತಿದ್ದವು. ಯಾರೂ ಅವುಗಳ ಕಡೆ ಲಕ್ಷ್ಯ ಕೊಡುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಮ್ಮ ಕಾಕಾನ ಗುದ್ದಲಿಗೆ ಮನುಷ್ಯರ ತಲೆಬುರುಡೆ ಸಿಕ್ಕಿತು. ಕಾಕಾ ಎಂದರೆ ಅಪ್ಪನ ತಮ್ಮ. ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಆ ದಿನ ಅವನು ಚಕ್ಕಡಿ ಖಾಲಿಯಾಗಿಯೇ ಹೊಡೆದುಕೊಂಡು ಬಂದು, ಕೈಕಾಲು ತೊಳೆಯದೆ ಕಟ್ಟೆಯ ಮೇಲೆ ಕೂತ. "ಒಂದಲ್ಲೋ ಯಣ್ಣಾ, ಸಾಲು ಹಿಡದು ಮಲಗ್ಯಾರ" ಎಂದು ಅಪ್ಪನಿಗೆ ಹೇಳಿದ. ಅಪ್ಪ ಕುರಿ ಕಾಯುವವನು, ಮಾತು ಕಡಿಮೆ. "ಮಣ್ಣು ಮುಚ್ಚಿ ಬಂದಿ ಇಲ್ಲೋ?" ಎಂದಷ್ಟೇ ಕೇಳಿದ.

ಸುದ್ದಿ ಮುಚ್ಚಲಿಲ್ಲ. ಊರಿನ ಮಾಸ್ತರು ಯಾರಿಗೋ ತಿಳಿಸಿದರು, ಕೆಲವು ದಿನಕ್ಕೆ ದೂರದ ಒಂದು ಕಾಲೇಜಿನವರು ಜೀಪಿನಲ್ಲಿ ಬಂದು ದಿಬ್ಬದ ಮೇಲೆ ಹಗ್ಗ ಕಟ್ಟಿ ಚೌಕ ಚೌಕ ಮಾಡಿ ಅಗೆಯಲು ಶುರುಮಾಡಿದರು. ಬೇಸಿಗೆಯ ಸೂಟಿ ಇದ್ದುದರಿಂದ ಕನ್ನಡ ಸಾಲೆಯ ಕೋಣೆಗಳಲ್ಲಿ ಅವರ ಬಿಡಾರ. ಅವರಲ್ಲಿ ಎಲುಬು ನೋಡುವವರು ಒಬ್ಬ ಹೆಂಗಸು. ಬೆಳಗಾವಿ ಕಡೆಯವರು, ನಡುವಯಸ್ಸು, ನೂಲಿನ ಸೀರೆ, ಕುತ್ತಿಗೆಗೆ ದಾರ ಕಟ್ಟಿದ ದಪ್ಪ ಚಷ್ಮಾ. ಊರೆಲ್ಲ ಅವರನ್ನು ಎಲುಬಿನ ಬಾಯಾರು ಎಂದು ಕರೆಯಿತು. ನಾನು ಆಗ ಪಿಯುಸಿ ನಪಾಸಾಗಿ ಮನೆಯಲ್ಲಿ ಕೂತಿದ್ದೆ. ಮಣ್ಣನ್ನು ಜರಡಿಯಲ್ಲಿ ಸಾಣಿಸಲು ಹೋದ ಹೆಂಗಸರ ಜೊತೆ ನಾನೂ ಹೋದೆ. ನನ್ನ ಕೈ ನಿಧಾನವೆಂದು ಬಾಯಾರು ನನ್ನನ್ನು ಸಾಲೆಯ ಪಡಸಾಲೆಗೆ ಕರೆದುಕೊಂಡರು. ಬಿದಿರಿನ ಕಡ್ಡಿ, ಮೆತ್ತನೆಯ ಬ್ರಶ್ಶು ಕೊಟ್ಟು ಎಲುಬಿಗೆ ಹತ್ತಿದ ಮಣ್ಣು ತೆಗೆಯಲು ಕೂರಿಸಿದರು.

ಮೊದಲ ದಿನ ಮೈಲಿಗೆ ಎನ್ನಿಸಿತು. ಮನೆಗೆ ಹೋಗಿ ತಲೆ ಮೇಲೆ ನೀರು ಹಾಕಿಕೊಂಡೆ. ಒಂದು ವಾರವಾಗುವ ಹೊತ್ತಿಗೆ ಹೆದರಿಕೆ ಬೇರೆಯದೇ ರೂಪ ತಾಳಿತು.

ಅದಕ್ಕೆ ಕಾರಣ ಒಂದು ಹಲ್ಲು. ಬಾಯಾರು ಒಂದು ಕೆಳದವಡೆಯನ್ನು ಬಿಸಿಲಿಗೆ ಹಿಡಿದು, "ಈ ಹಲ್ಲಿನ ಮ್ಯಾಲ ಉಗುರು ಆಡಿಸಿ ನೋಡು" ಎಂದರು. ಮುಂದಿನ ಹಲ್ಲಿಗೆ ಅಡ್ಡಲಾಗಿ ಸಣ್ಣ ತಗ್ಗು ಗೆರೆ ಉಗುರಿಗೆ ತಾಕಿತು.

"ಹಲ್ಲು ಬೆಳಿಯೂ ಹೊತ್ತಿನಾಗ ಕೂಸಿಗೆ ಉಣ್ಣಾಕ ಸಿಗಲಿಲ್ಲ, ಇಲ್ಲಾ ಜ್ವರ ಬಂದು ಮಲಗ್ತು ಅಂದ್ರ, ಹಲ್ಲು ಬೆಳಿಯೂದು ನಿಲ್ಲತೈತಿ. ಕೂಸು ಬದುಕಿದ್ರ ಮತ್ತ ಬೆಳಿತೈತಿ. ನಿಂತ ಜಾಗಾ ಗೆರಿ ಆಗಿ ಉಳಿತೈತಿ, ಜಲ್ಮ ಪೂರ್ತಿ."

"ಸತ್ತ ಮ್ಯಾಲೂ ಏನ್ರಿ?"

"ನೋಡಾಕತ್ತೀಯಲ್ಲ."

ಅವರು ಒಂದೊಂದನ್ನೇ ತೋರಿಸುತ್ತ ಹೋದರು. ಕಣ್ಣಿನ ಗುಂಡಿಯ ಮಾಳಿಗೆಯಲ್ಲಿ ಜರಡಿಯ ಹಾಗೆ ಸಣ್ಣ ತೂತುಗಳಿದ್ದರೆ ಆ ಕೂಸಿಗೆ ಮೈಯಲ್ಲಿ ರಕ್ತ ಸಾಲದೆ ಇತ್ತು. ಕುತ್ತಿಗೆಯ ಎಲುಬಿನ ಮಣಿಗಳು ಒತ್ತಿ ಸವೆದಿದ್ದರೆ ಆ ಹೆಂಗಸು ತಲೆಯ ಮೇಲೆ ಹೊರೆ ಹೊತ್ತವಳಿರಬೇಕು. ಸಣ್ಣ ಮಕ್ಕಳ ಎಲುಬು ನಾನು ಅಂದುಕೊಂಡಿದ್ದಕ್ಕಿಂತ ಬಹಳ ಇದ್ದವು, ಕೋಳಿಯ ಎಲುಬಿನಷ್ಟು ತೆಳುವಾಗಿ. ಕೆಲವಕ್ಕೆ ಯಾವ ಗುರುತೂ ಇರಲಿಲ್ಲ. ಅವು ಗಟ್ಟಿಮುಟ್ಟಾದ ಕೂಸುಗಳೇ ಎಂದು ನಾನು ಕೇಳಿದ್ದಕ್ಕೆ ಬಾಯಾರು ತಲೆ ಅಲ್ಲಾಡಿಸಿದರು.

"ಲಗೂನ ಕೊಲ್ಲೂ ರೋಗ ಎಲುಬಿನ ತನಕಾ ಬರೂದಿಲ್ಲವಾ. ಎಲುಬಿನ ಮ್ಯಾಲ ಗುರುತು ಬಿದ್ದೈತಿ ಅಂದ್ರ, ಆ ಮನಷ್ಯಾರು ರೋಗದ ಜೋಡಿ ಭಾಳ ದಿವಸ ಬದುಕ್ಯಾರ ಅಂತ ತಿಳಿ. ಗುರುತು ಇಲ್ಲದವರನ್ನ ನೋಡಿದ್ರ ನನಗ ಹೆಚ್ಚು ಕೆಟ್ಟ ಅನಸ್ತೈತಿ."

ಅಂದಿನಿಂದ ನನಗೆ ಬದುಕಿದ್ದವರ ಮುಖ ಮೊದಲಿನ ಹಾಗೆ ಕಾಣಲಿಲ್ಲ. ನೀರಿನ ಟಾಕಿಯ ಹತ್ತಿರ ಯಾರಾದರೂ ನಕ್ಕರೆ ಹಲ್ಲಿನ ಗೆರೆ ಹುಡುಕುತ್ತಿದ್ದೆ. ಕೊಡ ಎತ್ತುವವರ ಕುತ್ತಿಗೆಯಲ್ಲಿ ಮಣಿಗಳು ಒತ್ತುವುದು ಕಾಣುತ್ತಿತ್ತು. ಮನೆಯಲ್ಲಿ ಗೋಡೆಗೆ ಸಿಕ್ಕಿಸಿದ ಕನ್ನಡಿಯ ಮುಂದೆ ಒಂದು ದಿನ ತುಟಿ ಎತ್ತಿ ನೋಡಿಕೊಂಡೆ. ನನ್ನ ಮುಂದಿನ ಹಲ್ಲಿಗೂ ಗೆರೆ ಇತ್ತು.

ಅವ್ವ ಕಂಬಕ್ಕೆ ಒರಗಿ ಉಣ್ಣೆ ನೂಲುತ್ತಿದ್ದಳು. "ಅವ್ವಾ, ನಾ ಸಣ್ಣಾಕಿ ಇದ್ದಾಗ ನನಗೇನರ ಆಗಿತ್ತೇನು?" ಎಂದು ಕೇಳಿದೆ.

"ದಡಾರ ಬಂದಿತ್ತು. ಮಳಿ ಹೋಗಿ ಜ್ವಾಳನೂ ಇರಲಿಲ್ಲ ಆ ವರ್ಷ. ನೀ ಉಳಿತೀಯಂತ ಯಾರೂ ಅಂದಿದ್ದಿಲ್ಲ." ತಕಲಿ ನಿಲ್ಲಿಸಿ ನನ್ನ ಮುಖ ನೋಡಿದಳು. "ಯಾಕ, ಯಾರು ಹೇಳಿದ್ರು?"

ಅವ್ವನಿಗೆ ಗೂನು ಇತ್ತು. ಭುಜದ ಕೆಳಗೆ ಬೆನ್ನು ಥಟ್ಟನೆ ಮೊನೆಯಾಗಿ ಹೊರಗೆ ಬಂದು, ಎದೆ ಹೊಟ್ಟೆಯ ಮೇಲೆ ಕೂತಂತೆ ಕಾಣುತ್ತಿತ್ತು. ನಿಂತರೆ ನನ್ನ ಎದೆಮಟ್ಟ. ಸಣ್ಣವಳಿದ್ದಾಗ ಚಕ್ಕಡಿಯಿಂದ ಬಿದ್ದೆ ಎಂದು ನಮಗೆ ಹೇಳುತ್ತಿದ್ದಳು. ಅಪ್ಪನೂ ಹಾಗೇ ಹೇಳುತ್ತಿದ್ದ. ಪ್ರತಿ ಸೋಮವಾರ ಅವಳ ಬೆನ್ನು ತಿಕ್ಕಿ ಎರೆಯುವುದು ನನ್ನ ಕೆಲಸ. ಗೂನಿನ ಎರಡೂ ಬದಿಗೆ ಉದ್ದುದ್ದ ಹೊಳೆಯುವ ಕಲೆಗಳಿದ್ದವು. ಗಾಲಿ ತರಚಿದ್ದು ಎಂದಿದ್ದಳು. ನನ್ನ ಅಂಗೈಗೆ ಆ ಬೆನ್ನಿನ ಒಂದೊಂದು ಉಬ್ಬೂ ಬಾಯಿಪಾಠವಾಗಿತ್ತು.

ಅಗೆತದ ಕೊನೆಯ ದಿನಗಳಲ್ಲಿ ದಿಬ್ಬದ ಪಡುವಣ ಅಂಚಿಗೆ, ಉಳಿದವರಿಂದ ದೂರದಲ್ಲಿ, ಒಂದು ಚಪ್ಪಡಿ ಕಂಡಿತು. ಮಧ್ಯಾಹ್ನದ ಹೊತ್ತು. ನನ್ನನ್ನೂ ಕರೆದಿದ್ದರು. ಚಪ್ಪಡಿ ಸರಿಸಿದರೆ ಕೆಳಗೆ ಇನ್ನೆರಡು ಕಲ್ಲು, ಅದರಲ್ಲೊಂದು ಬೀಸುವ ಕಲ್ಲಿನ ಹೋಳು. ಅವನ್ನು ಒಂದು ಎಲುಬಿನ ಗೂಡಿನ ಕಾಲುಗಳ ಮೇಲೆ ಹೇರಿದ್ದರು. ಉಳಿದವರೆಲ್ಲ ಅಂಗಾತ ಮಲಗಿದವರು. ಇದು ಬೋರಲು ಬಿದ್ದಿತ್ತು, ಮುಖ ಮಣ್ಣಿಗೆ.

ಅಗೆಯುತ್ತಿದ್ದ ಹಿರಿಯರೊಬ್ಬರು ಗುದ್ದಲಿ ಕೆಳಗಿಟ್ಟು ಹಿಂದೆ ಸರಿದರು. "ಇದು ಎದ್ದು ಬರಬಾರದಂತ ಮಾಡಿದ್ದು. ಮುಟ್ಟಬ್ಯಾಡ್ರಿ ಬಾಯಾರ. ಕಲ್ಲು ಹೊಳ್ಳಿ ಇಡ್ರಿ."

ಬಾಯಾರು ಕೇಳಲಿಲ್ಲ. ತಾವೇ ಕುಣಿಗೆ ಇಳಿದು ಬ್ರಶ್ಶಿನಿಂದ ಬೆನ್ನಿನ ಮೇಲಿನ ಮಣ್ಣು ಸರಿಸಿದರು. ನಾನು ಅಂಚಿನಲ್ಲಿ ಕೂತು ನೋಡುತ್ತಿದ್ದೆ. ಮಣಿಗಳು ಒಂದೊಂದಾಗಿ ಮೇಲೆದ್ದು ಬಂದವು, ಕೆಳಗಿನಿಂದ ಮೇಲಕ್ಕೆ, ನೆಟ್ಟಗೆ. ಆಮೇಲೆ ಭುಜದ ಕೆಳಗೆ ಮೂರು ನಾಲ್ಕು ಮಣಿ ಕರಗಿದ ಮೇಣದ ಹಾಗೆ ಒಂದಕ್ಕೊಂದು ಅಂಟಿ, ಮೊನೆಯಾಗಿ ಮೇಲಕ್ಕೆ ತಿರುಗಿದ್ದವು. ಬಿಸಿಲಿಗೆ ಎರೆಮಣ್ಣು ಬಿರಿಯುವ ಸಪ್ಪಳ ಕೇಳುತ್ತಿತ್ತು. ಆ ಮೊನೆಯ ಅಳತೆ ನನ್ನ ಅಂಗೈಗೆ ಗೊತ್ತಿತ್ತು. ಅದು ಅವ್ವನ ಬೆನ್ನು. ತೊಗಲು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಮನೆಗೆ ಹೋಗಿ ನಾನು ಏನೂ ಹೇಳಲಿಲ್ಲ. ಆದರೆ ಸಂಜೆಯೊಳಗೆ ಸುದ್ದಿ ಓಣಿ ಓಣಿ ಸುತ್ತಿತ್ತು. ಮರುದಿನ ಮಣ್ಣು ಸಾಣಿಸಲು ಒಬ್ಬ ಹೆಂಗಸೂ ಬರಲಿಲ್ಲ. ಟಾಕಿಯ ಹತ್ತಿರ ಒಬ್ಬಳು ನನ್ನ ಮುಖಕ್ಕೇ ಹೇಳಿದಳು: "ನಿಮ್ಮವ್ವನಂಥಾಕಿ ಸಿಕ್ಕಾಳಂತಲ್ಲ ದಿಬ್ಬದಾಗ."

ಅದೇ ವಾರ ಯಾರದೋ ಆಕಳ ಕರು ಸತ್ತಿತು. ಕಲ್ಲು ತೆಗೆದದ್ದಕ್ಕೇ ಎಂದರು. ಕಾಕಾನಿಗೆ ಏಳೆಂಟು ವರ್ಷದ ಮಗಳಿದ್ದಳು, ಇಡೀ ದಿನ ಅವ್ವನ ಸೆರಗು ಹಿಡಿದು ತಿರುಗುತ್ತಿದ್ದ ಹುಡುಗಿ. ಅವಳಿಗೆ ಒಂದೆರಡು ತಿಂಗಳಿನಿಂದ ಮೈ ಹುಷಾರಿರಲಿಲ್ಲ. ಸಂಜೆಯಾದರೆ ಸಣ್ಣಗೆ ಜ್ವರ, ನಿದ್ದೆಯಲ್ಲಿ ಚೀರುವುದು. ಅದಕ್ಕೂ ಈಗ ಕಾರಣ ಸಿಕ್ಕಂತಾಯಿತು. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಆಗಷ್ಟೇ ಗಂಡುಮಗು ಹಡೆದು ಬಾಣಂತಿ. ತೊಟ್ಟಿಲ ಕಾರ್ಯಕ್ಕೆ ಮನೆಯ ಹಿರಿಯ ಸೊಸೆ ಎಂದು ಅವ್ವನೇ ಕೂಸನ್ನು ತೊಟ್ಟಿಲಿಗೆ ಹಾಕಬೇಕು. ಅವ್ವ ಹಿಂದಿನ ದಿನವೇ ಗುಗ್ಗರಿಗೆ ಕಡಲೆ ನೆನೆಹಾಕಿದ್ದಳು. ಬೆಳಿಗ್ಗೆ ಕಾಕಾ ಬಂದು ಬಾಗಿಲಲ್ಲೇ ನಿಂತ. ಒಳಗೆ ಬರಲಿಲ್ಲ.

"ವೈನಿ, ಇವತ್ತೊಂದಿನ ನೀ ಬರಬ್ಯಾಡ. ಬಾಣಂತಿ ಅಂಜಾಕತ್ತಾಳ."

ಅವ್ವ ಪಾತ್ರೆಯನ್ನು ಅವನ ಕಡೆ ಸರಿಸಿದಳು. "ಗುಗ್ಗರಿ ಒಯ್ಯಿ" ಎಂದಳು. ಅವನು ಅದನ್ನೂ ಒಯ್ಯಲಿಲ್ಲ.

ಗೋಡೆಯಾಚೆ ಜೋಗುಳ ಕೇಳುತ್ತಿತ್ತು. ಅವ್ವ ಗೋಡೆಗೆ ಬೆನ್ನು ಮಾಡಿ ಕೂತು ನೂಲಿದಳು. ಹಾಡು ನಿಂತ ಮೇಲೆ ನನ್ನನ್ನು ಕರೆದಳು. "ಆ ದಿಬ್ಬದಾಕೀನ ನೀ ನೋಡೀದಿ ಇಲ್ಲೋ?"

"ಹೌದು."

"ನನ್ನಂಗ ಅದಾಳ?"

ನಾನು ಅವಳ ಬೆನ್ನಿನ ಕಡೆ ನೋಡಿದೆ. ಅವಳು ಸೆರಗು ತಲೆ ಮೇಲೆ ಎಳೆದುಕೊಂಡು ಎದ್ದಳು. "ನಡಿ, ಹೋಗೂಣು."

ಮಟಮಟ ಮಧ್ಯಾಹ್ನ. ಆ ಹೊತ್ತಿನಲ್ಲಿ ಹಾದಿ ಹಿಡಿದವರಿಗೆ ಗಾಳಿ ಬಡಿಯುತ್ತದೆಂದು ನಮ್ಮಲ್ಲಿ ಯಾರೂ ಹೊರಬೀಳುವುದಿಲ್ಲ. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಅವ್ವನ ನೆರಳು ಅವಳ ಕಾಲಿನ ಬುಡದಲ್ಲೇ ಮುದ್ದೆಯಾಗಿ ಬರುತ್ತಿತ್ತು.

ಬಾಯಾರು ಪಡಸಾಲೆಯಲ್ಲಿ ಚಾದರ ಹಾಸಿ ಆ ಎಲುಬುಗಳನ್ನು ಜೋಡಿಸಿಟ್ಟಿದ್ದರು. ಅವ್ವನನ್ನು ಕಂಡದ್ದೇ ಎದ್ದು ನಿಂತರು. ಅವ್ವನ ಬೆನ್ನನ್ನು ಒಂದು ಸಲ ನೋಡಿದರು, ಆಮೇಲೆ ನನ್ನನ್ನು. ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವ ಹಾಗೆ.

"ಬರ್ರಿ ತಾಯಿ, ಕೂಡ್ರಿ."

ಅವ್ವ ಚಾದರದ ಪಕ್ಕ ಕೂತಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಆ ಅಂಟಿದ ಮಣಿಗಳ ಮೊನೆಯ ಮೇಲೆ ಬೆರಳಿಟ್ಟಳು, ಕುದಿಯುವ ಪಾತ್ರೆ ಮುಟ್ಟುವ ಹಾಗೆ ಮುಟ್ಟಿ ತೆಗೆದಳು.

"ಈಕೀಗೆ ಏನಾಗಿತ್ರಿ?"

"ಕ್ಷಯ. ಟಿಬಿ ಅಂತಾರಲ್ಲ, ಅದು. ಎದಿಗಿ ಬರೂದಷ್ಟ ಅಲ್ಲ, ಒಬ್ಬೊಬ್ಬರಿಗೆ ಬೆನ್ನಿನ ಮಣಿಗೂ ಬರತೈತಿ. ಒಳಗಿಂದ ತಿಂತೈತಿ, ಮಣಿ ಕುಸಿತಾವು, ಬೆನ್ನು ಬಾಗತೈತಿ."

"ಚಕ್ಕಡಿಯಿಂದ ಬಿದ್ರ ಹಿಂಗ ಆಗೂದಿಲ್ಲೇನ್ರಿ?"

"ಬಿದ್ದದ್ದು ಬ್ಯಾರೆ ಕಾಣತೈತ್ರಿ."

ಅವ್ವ ತಲೆ ತಗ್ಗಿಸಿದಳು. ಆಮೇಲೆ ಹೇಳಿದಳು. ನಾನು ಹುಟ್ಟಿದಾಗಿನಿಂದ ಕೇಳದ ಮಾತು ಅದು.

"ನಾ ಚಕ್ಕಡಿಯಿಂದ ಬಿದ್ದಿಲ್ರಿ. ಹತ್ತು ವರ್ಷದಾಕಿ ಇದ್ನಿ. ಮೊದಲ ಬೆನ್ನು ನೋವು, ಆಮ್ಯಾಲ ಕಾಲಾಗ ಜೀವ ಹೋತು. ಮೈಯಾಗ ದೆವ್ವ ಹೊಕ್ಕೈತಿ ಅಂದ್ರು. ನಮ್ಮ ಆಯಿ, ನಮ್ಮವ್ವನ ಅವ್ವ, ದನದ ಮನ್ಯಾಗ ಹೊರಸು ಹಾಕಿ ಮಲಗಿಸಿದ್ಳು. ತಾನ ಕೈಯಾರ ಆಡಿನ ಹಾಲು ಕುಡಿಸ್ತಿದ್ಳು, ಮಗ್ಗಲ ಹೊಳ್ಳಸ್ತಿದ್ಳು, ಹೇಲು ಉಚ್ಚಿ ಬಳೀತಿದ್ಳು. ಎರಡು ಸುಗ್ಗಿ ಹಂಗ ಹೋದು, ಆಮ್ಯಾಲ ಕಾಲಾಗ ಜೀವ ಬಂತು."

"ದೆವ್ವ ಬಿಡಸಾಕ ಬರಿ ಹಾಕಿರಬೇಕಲ್ರಿ, ಎಲ್ಲಿ ಹಾಕಿದ್ರು?" ಬಾಯಾರು ಮೆಲ್ಲಗೆ ಕೇಳಿದರು.

ಅವ್ವ ನಮ್ಮ ಕಡೆ ಬೆನ್ನು ತಿರುಗಿಸಿ ಕುಪ್ಪಸ ಸಡಿಲಿಸಿದಳು. ನಾನು ವರ್ಷಾನುಗಟ್ಟಲೆ ಸಾಬೂನು ಹಚ್ಚಿದ ಆ ಉದ್ದ ಕಲೆಗಳು, ಕಾಯಿಸಿದ ಕುಡುಗೋಲಿನ ಅಗಲದವು, ಸಾಲಾಗಿ ಇದ್ದವು. ಇಷ್ಟು ದಿನ ನಾನು ಅವನ್ನು ಗಾಲಿಯ ತರಚು ಎಂದು ಹೇಗೆ ನಂಬಿದೆ?

"ಬರಿ ಹಾಕುವಾಗ ನನ್ನ ಕೈ ಹಿಡಕೊಂಡಾಕಿ ನಮ್ಮ ಆಯಿನ" ಎಂದಳು ಅವ್ವ. "ಹಾಲು ಕುಡಿಸಿದ ಕೈನ."

ಬಾಯಾರು ಚಷ್ಮಾ ತೆಗೆದು ಸೆರಗಿನಿಂದ ಒರೆಸಿಕೊಂಡರು. ಅವ್ವ ಕುಪ್ಪಸ ಸರಿಮಾಡಿಕೊಂಡು ಮತ್ತೆ ಚಾದರದ ಕಡೆ ತಿರುಗಿದಳು. "ಈಕಿ ಬ್ಯಾನಿ ಬಂದು ಲಗೂನ ಸತ್ಳೇನ್ರಿ?"

"ಇಲ್ರಿ. ನೋಡ್ರಿ, ಈ ಮಣಿ ಕುಸಿದು ಒಂದಾಗಿ ಕೂಡ್ಯಾವ. ಮಾಯ್ದ ಎಲುಬು ಇದು. ಹಲ್ಲು, ಸೊಂಟದ ಎಲುಬು ನೋಡಿದ್ರ ನಲವತ್ತರ ಸನ್ಯಾಕ ಇದ್ಳು ಅನಸ್ತೈತಿ. ರೋಗ ಬಂದದ್ದು ಸಣ್ಣ ವಯಸ್ಸಿನಾಗ. ಕಾಲಿನ ಎಲುಬು ಕಡ್ಡಿ ಆಗ್ಯಾವ, ಅಂದ್ರ ಭಾಳ ದಿವಸ ಮಲಗಿದ್ದಾಳ. ಯಾರೋ ಉಣಿಸ್ಯಾರ, ಎತ್ಯಾರ, ಇಳಿಸ್ಯಾರ. ಇಲ್ಲಂದ್ರ ಇಷ್ಟು ವರ್ಷ ಬದುಕತಿರಲಿಲ್ಲ."

"ಹಂಗಾರ ಕಲ್ಲು ಯಾಕ ಇಟ್ರು?"

"ಅದು ಗೊತ್ತಿಲ್ರಿ. ಅಂಜಿರಬೇಕು. ಅದಕ್ಕ ಬೋರಲ ಹಾಕ್ಯಾರ ಅಂತ ಕಾಣಸ್ತೈತಿ."

ಅವ್ವ ತಲೆ ಅಲ್ಲಾಡಿಸಿದಳು. "ನಮಗ ಅಂಗಾತ ಮಲಗಾಕ ಬರೂದಿಲ್ರಿ. ಗೂನು ಒತ್ತತೈತಿ. ನಾನೂ ಬೋರಲನ ಮಲಗತೇನಿ."

ಬಾಯಾರು ಚಾದರದ ಮೇಲೆ ಬಾಗಿದರು. ಎಲುಬುಗಳನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ಇರಬಹುದು" ಎಂದರು ಕೊನೆಗೆ. "ಇರಬಹುದು ತಾಯಿ. ಎಲುಬು ಅದನ್ನ ಹೇಳೂದಿಲ್ಲ."

"ಮಲಗಿಸಿದವರು ಆಕೀನ ಬಲ್ಲವರು" ಎಂದಳು ಅವ್ವ. "ಕಲ್ಲು ಇಟ್ಟವರು ಅಂಜಿದವರು. ಅವರು ಬ್ಯಾರೆ, ಇವರು ಬ್ಯಾರೆ ಅಂತೇನಿಲ್ಲ."

ಹೊರಡುವಾಗ ಬಾಯಾರು ಕೇಳಿದರು, ಮನೆಯಲ್ಲಿ ಯಾರಿಗಾದರೂ ಬಹಳ ದಿನದ ಕೆಮ್ಮು, ಬೆನ್ನುನೋವು, ಸಂಜೆಯ ಜ್ವರ ಇದೆಯೇ ಎಂದು. ನಾನು ಇಲ್ಲ ಎನ್ನುವುದರಲ್ಲಿದ್ದೆ. ಅವ್ವ ಬಾಗಿಲಲ್ಲಿ ಥಟ್ಟನೆ ನಿಂತಳು.

"ನಮ್ಮ ಮೈದುನನ ಹುಡಿಗಿ ಬಗ್ಗಾಕ ಒಲ್ಲಂತಾಳ" ಎಂದಳು.

ಬಾಯಾರು ಚಪ್ಪಲಿ ಮೆಟ್ಟಿ ನಮ್ಮ ಜೊತೆಗೇ ಬಂದರು. ಕಾಕಾನ ಮನೆಯ ಅಂಗಳದಲ್ಲಿ ಬೇವಿನ ನೆರಳಿಗೆ ಹುಡುಗಿ ಒಬ್ಬಳೇ ಕೂತು ಗಜ್ಜುಗ ಆಡುತ್ತಿದ್ದಳು. ಬಾಯಾರು ಒಂದು ಗಜ್ಜುಗವನ್ನು ಎತ್ತಿಕೊಂಡು ದೂರ ಉರುಳಿಸಿ, "ತಗೊಂಡ ಬಾ ಪುಟ್ಟಿ" ಎಂದರು. ಹುಡುಗಿ ತೊಡೆಗಳ ಮೇಲೆ ಕೈ ಊರಿ ಎದ್ದು, ಬೆನ್ನಿಗೆ ಹಲಗೆ ಕಟ್ಟಿದವಳ ಹಾಗೆ ನಡೆದಳು. ಎತ್ತಿಕೊಳ್ಳುವಾಗ ಸೊಂಟ ಬಗ್ಗಿಸಲಿಲ್ಲ. ಬೆನ್ನು ನೆಟ್ಟಗೆ ಇಟ್ಟುಕೊಂಡೇ ಮೊಣಕಾಲು ಮಡಚಿ ಕುಕ್ಕರಗಾಲಲ್ಲಿ ಕೂತು, ಕೈಯಿಂದ ತಡಕಾಡಿ ಹಿಡಿದಳು. ದಿನಾ ಕಣ್ಣೆದುರು ನಡೆಯುತ್ತಿದ್ದುದು ಅಂದೇ ನನಗೆ ಕಂಡಿತು. ಅವಳ ಲಂಗದ ಲಾಡಿಯಿಂದ ಮೇಲಕ್ಕೆ, ತೆಳು ಜಂಪರಿನ ಒಳಗೆ, ಬೆನ್ನಿನ ನಡುವೆ ಒಂದು ಮಣಿ ಗೋಲಿಯಷ್ಟು ಹೊರಗೆ ಬಂದಿತ್ತು.

"ನಾಳೇನ ಹುಬ್ಬಳ್ಳಿ ದವಾಖಾನಿಗೆ ಒಯ್ರಿ" ಎಂದರು ಬಾಯಾರು. "ನಾ ಡಾಕ್ಟರ್ ಅಲ್ಲ. ಆದ್ರ ತಡಾ ಮಾಡಬ್ಯಾಡ್ರಿ."

ಚಿಗವ್ವ ಬಾಣಂತಿ ಕೋಣೆಯ ಹೊಸ್ತಿಲ ತನಕ ಬಂದು ನಿಂತಿದ್ದಳು. "ದವಾಖಾನಿ ಯಾಕ್ರಿ? ಅಮಾಸಿಗೆ ಬರಿ ಹಾಕಸ್ತೇವಿ, ಹೇಳಿ ಬಂದೇವಿ. ಕಲ್ಲು ಕಿತ್ತಾಗಿಂದ ಹಿಂಗ ಆಗೈತಿ." ಆಮೇಲೆ ಅವ್ವನ ಕಡೆ ತಿರುಗಿದಳು. "ಇಲ್ಲಾ ನಿನ್ನ ನೆರಳು ತಾಕೈತಿ. ದಿನಾ ನಿನ್ನ ಸೆರಗಿನಾಗ ಇರ್ತಾಳ."

ಅವ್ವ ಸಿಟ್ಟಾಗುವಳೆಂದು ನಾನು ಕಾದೆ. ಅವಳು ಚಿಗವ್ವನ ಹತ್ತಿರ ಹೋಗಿ, ನಡುಹಗಲಿನಲ್ಲಿ, ಅಂಗಳದಲ್ಲಿ, ಎರಡನೆಯ ಸಲ ಅದೇ ದಿನ ಕುಪ್ಪಸ ಸಡಿಲಿಸಿ ಬೆನ್ನು ತೋರಿಸಿದಳು.

"ನೋಡವಾ. ಇವು ಬರಿ. ನನಗೂ ಹಾಕಿದ್ರು. ಬರಿಗೆ ಹೋಗೂದಿದ್ರ ಈ ಗೂನು ಯಾಕ ಉಳೀತಿತ್ತು? ಮುಟ್ಟಿ ನೋಡು."

ಚಿಗವ್ವ ಮುಟ್ಟಲಿಲ್ಲ. ಆದರೆ ಕಣ್ಣು ತೆಗೆಯಲೂ ಆಗಲಿಲ್ಲ ಅವಳಿಗೆ. ಹುಡುಗಿ ಗಜ್ಜುಗ ಹಿಡಿದು ಬಂದು ಅವ್ವನ ಕಾಲಿಗೆ ಒರಗಿ ನಿಂತಳು. ಚಿಗವ್ವ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕೂತು ಅಳತೊಡಗಿದಳು.

ಸಂಜೆ ಅಪ್ಪ ಕುರಿ ಹೊಡೆದುಕೊಂಡು ಬಂದಾಗ ನಾನು ಕೇಳಿದೆ. "ಅವ್ವನ ಬೆನ್ನಿನ ಸುದ್ದಿ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ಆಕಿ ಚಕ್ಕಡಿ ಅಂದ್ಳು, ನಾನೂ ಚಕ್ಕಡಿ ಅಂದೆ."

ಅಷ್ಟೇ ಹೇಳಿ ಕುರಿಗಳಿಗೆ ನೀರು ಇಡಲು ಹೋದ. ಆಮೇಲೆ ಕಾಕಾನ ಮನೆಗೆ ಹೋಗಿ ಬಹಳ ಹೊತ್ತು ಕೂತು ಬಂದ. ಅಣ್ಣ ತಮ್ಮ ಏನು ಮಾತಾಡಿದರೋ ಗೊತ್ತಿಲ್ಲ. ಮರುದಿನ ಮೊದಲ ಬಸ್ಸಿಗೆ ಕಾಕಾ, ಹುಡುಗಿ, ಅವ್ವ, ನಾನು ಹುಬ್ಬಳ್ಳಿಗೆ ಹೊರಟೆವು.

ದೊಡ್ಡ ದವಾಖಾನೆಯಲ್ಲಿ ಫೋಟೋ ತೆಗೆದರು. ಡಾಕ್ಟರು ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ಕಾಕಾನಿಗೆ ಬೆರಳಿಟ್ಟು ತೋರಿಸಿದರು. ಎರಡು ಮಣಿಗಳ ನಡುವೆ ಇಲಿ ಕಡಿದಂಥ ಜಾಗ. ಆ ಬೇಸಿಗೆ ಪೂರ್ತಿ ನಾನು ಸತ್ತವರ ಎಲುಬು ಕೈಯಲ್ಲಿ ಹಿಡಿದು ಅವರು ಬದುಕಿದ್ದಾಗ ಹೇಗಿದ್ದರೋ ಎಂದು ಅಂದಾಜು ಮಾಡಿದವಳು. ಈಗ ಬದುಕಿದ್ದ ಹುಡುಗಿ ಪಕ್ಕದಲ್ಲಿ ನಿಂತು ಪಾಪಡಿ ತಿನ್ನುತ್ತಿದ್ದಳು, ಅವಳ ಎಲುಬು ಕಿಟಕಿಯ ಬೆಳಕಿನಲ್ಲಿ ತೂಗುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡೆ.

ಕ್ಷಯವೇ. ಲಗೂನ ಬಂದಿದ್ದೀರಿ ಎಂದರು ಡಾಕ್ಟರು. ದಿನಾ ಸೂಜಿ, ಗುಳಿಗೆ, ಎದೆಯಿಂದ ಸೊಂಟದ ತನಕ ಪ್ಲಾಸ್ಟರು. ಒಂದು ವರ್ಷಕ್ಕೂ ಹೆಚ್ಚು ಕಾಲ ಔಷಧ ಬಿಡುವ ಹಾಗಿಲ್ಲ. ಚಿಗವ್ವ ಹಸಿ ಬಾಣಂತಿ, ಬರುವ ಹಾಗಿರಲಿಲ್ಲ. ಮೊದಲ ಕೆಲವು ವಾರ ವಾರ್ಡಿನಲ್ಲಿ ಹುಡುಗಿಯ ಜೊತೆ ಅವ್ವನೇ ಉಳಿದಳು. ಅವ್ವನ ಬೆನ್ನಿನ ಫೋಟೋವನ್ನೂ ತೆಗೆದರು. ರೋಗ ಎಂದೋ ಆರಿದೆ, ಇನ್ನು ಮಾಡುವುದೇನಿಲ್ಲ ಎಂದರು. ಅವ್ವ ಆ ಹಾಳೆಯನ್ನು ನೋಡಲು ಒಪ್ಪಲಿಲ್ಲ. "ನಾ ಆಗಲೇ ನೋಡೇನಿ" ಎಂದಳು.

ಮುಂಗಾರು ಮೋಡ ಕಟ್ಟುವ ಹೊತ್ತಿಗೆ ಕಾಲೇಜಿನವರು ಗಂಟುಮೂಟೆ ಕಟ್ಟಲು ಶುರುಮಾಡಿದರು. ನಾನು ಹುಬ್ಬಳ್ಳಿಗೆ ಬುತ್ತಿ ಒಯ್ದಾಗ ಅದನ್ನು ಹೇಳಿದೆ. ಅವ್ವ ಒಂದು ದಿನದ ಮಟ್ಟಿಗೆ ನನ್ನನ್ನು ಹುಡುಗಿಯ ಹತ್ತಿರ ಬಿಟ್ಟು ಊರಿಗೆ ಹೋಗಿಬಂದಳು. ಅಲ್ಲಿ ಏನಾಯಿತೆಂದು ನನಗೆ ಬಾಯಾರೇ ಆಮೇಲೆ ಹೇಳಿದರು. ಅವ್ವ ಒಂದು ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ತಂದು, ತವರಿಗೆ ಬಂದ ಮಗಳಿಗೆ ತುಂಬುವ ಹಾಗೆ ಆ ಎಲುಬಿಗೆ ಉಡಿ ತುಂಬಿದಳಂತೆ. ಲಗ್ನವಾಗಿತ್ತೋ ಇಲ್ಲವೋ ಗೊತ್ತಿಲ್ಲವಲ್ಲ ಎಂದು ಬಾಯಾರು ಅಂದರೆ, "ಯಾರದರ ಮಗಳು ಖರೆ ಹೌದಲ್ರಿ" ಎಂದಳಂತೆ. ಪೆಟ್ಟಿಗೆ ಕಟ್ಟುವಾಗ ಅಕ್ಕಿ ಕಾಳು ಎಲುಬಿನ ಜೊತೆ ಇಡುವಂತಿಲ್ಲ, ಅದು ಅವರ ಕೆಲಸದ ನಿಯಮ. ಖಣವನ್ನು ಮಾತ್ರ ಬಾಯಾರು ತಮ್ಮ ಚೀಲದಲ್ಲಿ ಒಯ್ದರು. ಮರುವರ್ಷ ನಾನು ಪಿಯುಸಿ ಪಾಸಾದೆ. ಅದಕ್ಕೆ ಅವರೇ ಕಾಗದ ಬರೆದು ಬೆನ್ನುಹತ್ತಿ ಓದಿಸಿದ್ದು ಕಾರಣ.

ಜೀಪು ಹೋದ ಮೇಲೆ ಕಾಕಾ ಆ ಚಪ್ಪಡಿ, ಬೀಸುವ ಕಲ್ಲಿನ ಹೋಳು, ಇನ್ನೊಂದು ಕಲ್ಲು ಮೂರನ್ನೂ ಖಾಲಿ ಕುಣಿಗೆ ಹಾಕಿ, ಕಾಯಿ ಒಡೆದು ಬಂದ. ಹುಡುಗಿ ಗುಣವಾದದ್ದು ಅದರಿಂದಲೇ ಎಂದು ಊರಿನಲ್ಲಿ ಇಂದಿಗೂ ಹೇಳುವವರಿದ್ದಾರೆ. ಆದರೆ ಗುಳಿಗೆ ನುಂಗಿಸುವುದನ್ನು ಅವನು ಒಂದು ದಿನವೂ ತಪ್ಪಿಸಲಿಲ್ಲ. ಚಿಗವ್ವ ಒಂದು ಮಧ್ಯಾಹ್ನ ಕೂಸನ್ನು ತಂದು ಏನೂ ಹೇಳದೆ ಅವ್ವನ ಮಡಿಲಿಗೆ ಹಾಕಿ ಹೋದಳು. ಅವರಿಬ್ಬರ ನಡುವೆ ಮೊದಲಿನ ಸಲಿಗೆ ಮಾತ್ರ ಬರಲೇ ಇಲ್ಲ.

ಹುಡುಗಿಯ ಬೆನ್ನು ನೆಟ್ಟಗೇ ಉಳಿಯಿತು. ಬಗ್ಗಿದರೆ ಸ್ವಲ್ಪ ಬಿಗಿತ, ಅಷ್ಟೇ. ದೊಡ್ಡವಳಾಗಿ ಕುಬಿಹಾಳಕ್ಕೆ ಲಗ್ನವಾಗಿ ಹೋದಳು. ಅವ್ವ ತೀರಿಕೊಂಡು ವರ್ಷವಾದ ಮೇಲೆ ನಾನು ಅವಳ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಅವಳು ರಾಶಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು, ನಾನೂ ಜೊತೆಗೆ ಕೂತೆ. ದವಾಖಾನೆಯ ದಿನ ನೆನಪಿವೆಯೇ ಎಂದು ಕೇಳಿದೆ.

"ಏನೂ ನೆನಪಿಲ್ಲಕ್ಕಾ. ಸೂಜಿ ಸೈತ ನೆನಪಿಲ್ಲ. ಒಂದ ನೆನಪೈತಿ." ಕೈಯಲ್ಲಿದ್ದ ಕಾಯಿಯನ್ನು ಮುರಿಯದೆ ಹಿಡಿದುಕೊಂಡಳು. "ಮಧ್ಯಾಹ್ನ ಎಲ್ಲಾರೂ ಮಲಗಿದಾಗ ದೊಡ್ಡವ್ವ ಕಿಡಕಿ ಕಡೆ ಮಾರಿ ಮಾಡಿ ಕುಂತು ಯಾರನ್ನೋ ಮಾತಾಡಸ್ತಿದ್ಳು. ಉಂಡೀಯೇನವಾ, ಮಗ್ಗಲಾ ಹೊಳ್ಳಸ್ಲೇನು ಅಂತ. ನನಗಂತ ತಿಳದು ಮೊದಲ ಮೊದಲ ಹೂಂ ಅಂತಿದ್ನಿ. ಆಮ್ಯಾಲ ಗೊತ್ತಾತು, ನನಗಲ್ಲ ಅಂತ. ನಾ ಹೂಂ ಅಂದ್ರ ಆಕಿ ಹೊಳ್ಳಿನೂ ನೋಡತಿರಲಿಲ್ಲ. ಮತ್ತ ಆ ಕಡೆಯಿಂದ ಏನೋ ಕೇಳಿದವರಂಗ ತಲಿ ಅಲ್ಲಾಡಸ್ತಿದ್ಳು." ನನ್ನ ಮುಖ ನೋಡಿದಳು. "ಯಾರಿದ್ರಕ್ಕಾ ಅಲ್ಲಿ?"

ಕಲ್ಲಿನ ಕೆಳಗಿನ ಆ ಬೆನ್ನು ನನ್ನ ಕಣ್ಣ ಮುಂದೆ ಬಂತು. ಮೆಣಸಿನಕಾಯಿಯ ಘಾಟಿಗೆ ಇಬ್ಬರಿಗೂ ಸೀನು ಬಂತು. ಒಳಗೆ ಅವಳ ಮಗು ಎದ್ದು ಅತ್ತಿತು, ಅವಳು ಕೈ ಒರೆಸಿಕೊಂಡು ಎದ್ದು ಹೋದಳು.